ಪಾಳಿ ಬಂದಾದ ದಿನ

"ಈ ಮನೀಗೆ ಬೆಂಕಿ ಹಚ್ಚಿದವರು ಯಾರ?"

ಧನುರ್ಮಾಸದ ಬೆಳಗು. ಗಡಿಯಾಚೆಯ ಮಗ್ಗದ ಊರು ಇಚಲಕರಂಜಿಯ ನೇಕಾರರ ಓಣಿಯಲ್ಲಿ ಜನ ಇನ್ನೂ ಕಂಬಳಿಯೊಳಗಿದ್ದರು. ತಂಗೆವ್ವ ನಡುಮನೆಯಲ್ಲಿ ನಿಂತು, ಗೋಡೆಗೂ ಅಲ್ಲದೆ ದೇವರಿಗೂ ಅಲ್ಲದೆ ಈ ಪ್ರಶ್ನೆ ಕೇಳಿ, ಮೊರ ತೆಗೆದುಕೊಂಡು ಗಾಳಿ ಹಾಕಿಕೊಳ್ಳತೊಡಗಿದಳು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿಗಿಳಿದಿತ್ತು.

ಅವಳ ಗಂಡ ಅಲ್ಲಪ್ಪ, ಪದ್ಮಕುಮಾರ ಮಾಲಕರ ವಿದ್ಯುತ್ ಮಗ್ಗದಲ್ಲಿ ನೇಕಾರ. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದವನು ಗಡಬಡಿಸಿ ಎದ್ದ. ಕೊಡ ಹೊತ್ತು ಅಡಿಗೆಮನೆಗೆ ಓಡಿ ನೀರು ಸುರುವಿದ. ಬೂದಿಯ ಒಲೆಯಲ್ಲಿ ಮಲಗಿದ್ದ ಬೆಕ್ಕು ಅವನ ಏಳು ತಲೆಮಾರನ್ನು ಬೈಯುತ್ತ ಹೊರಗೆ ಹಾರಿತು.

"ಬೆಂಕಿ ಎಲ್ಲೈತಿ?"

"ನನ್ನ ಮೈಯಾಗೈತಿ. ಒಮ್ಮಿಗೇ ಕಾದ ಹಂಚಾಗತೇನಿ, ಒಮ್ಮಿಗೇ ತಣ್ಣಗಾಗತೇನಿ. ತಲಿ ನಗಾರಿ ಬಡದಾಂಗ ಬಡೀತೈತಿ" ಎಂದವಳು ಹಾಗೆಯೇ ಗೋಡೆ ಹಿಡಿದು ಕೂತುಬಿಟ್ಟಳು.

ಮದುವೆಯಾದಂದಿನಿಂದ ತಂಗೆವ್ವ ಹೊತ್ತೇರುವ ಮೊದಲು ಕೂತದ್ದನ್ನು ಅಲ್ಲಪ್ಪ ನೋಡಿರಲಿಲ್ಲ. ಅಂಗಿಯನ್ನು ತಿರುವುಮುರುವು ಹಾಕಿಕೊಂಡು, ಅವಳನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಡಾಕ್ಟರಬಾಯಿಯ ದವಾಖಾನೆಗೆ ಹೋದ.

ಡಾಕ್ಟರಬಾಯಿ ಪುಣೆಯ ಕಡೆಯವರು. ಮಾತೆಲ್ಲ ಮರಾಠಿ. ತಂಗೆವ್ವನಿಗೆ ಪೇಟೆಯ ಮರಾಠಿ ಚೆನ್ನಾಗಿ ಬರುತ್ತಿತ್ತು. ಹಲಕರ್ಣಿಯೆಂಬ ಹಳ್ಳಿಯಿಂದ ನೇರ ಮಗ್ಗಕ್ಕೆ ಬಂದ ಅಲ್ಲಪ್ಪನಿಗೆ ಮಾತ್ರ ಮಗ್ಗದ ಮರಾಠಿಯಷ್ಟೇ: ನೂಲು, ಪಗಾರ, ಪಾಳಿ, ಜೊತೆಯವರ ಬೈಗುಳ. ಬಾಯಿಯವರು ಪರದೆಯ ಹಿಂದೆ ತಂಗೆವ್ವನ ತೋಳಿಗೆ ರಬ್ಬರಿನ ಪಟ್ಟಿ ಸುತ್ತಿ ಗಾಳಿ ತುಂಬಿದರು, ಬಹಳ ಹೊತ್ತು ಏನೋ ತಿಳಿಸಿ ಹೇಳಿದರು. ಆಮೇಲೆ ಹೊರಗೆ ಬಂದು ಕೈ ತೊಳೆಯುತ್ತ ಅಲ್ಲಪ್ಪನಿಗೆ ಎರಡೇ ಮಾತಿನಲ್ಲಿ ಮುಗಿಸಿದರು.

"ಪಾಳಿ ಬಂದ್ ಝಾಲೀ. ಮ್ಹಣೂನ್ ರಕ್ತದಾಬ ವಾಢಲಾ."

ಪಾಳಿ ಬಂದಾಗಿದೆ, ಅದಕ್ಕೇ ರಕ್ತದ ಒತ್ತಡ ಏರಿದೆ. ಇಷ್ಟು ಅವನಿಗೂ ತಿಳಿಯಿತು. ತಿಳಿದದ್ದೇ ತಪ್ಪಾಯಿತು.

"ಪಾಳಿ ಬಂದ್? ಯಾವಾಗಿಂದ್ರಿ?"

ಅವನ ಮುಖ ನೋಡಿ ಮರುಕಗೊಂಡ ಬಾಯಿಯವರು ಅರೆಬರೆ ಕನ್ನಡಕ್ಕಿಳಿದರು. "ಆರು ತಿಂಗಳು ಆಯ್ತು. ವಯಸ್ಸು ಆದ್ರೆ ಎಲ್ಲಾರದು ಬಂದ್ ಆಗ್ತದೆ. ಕಾಳಜಿ ನಕೋ, ಚಿಂತೆ ಬೇಡ."

"ಮತ್ತ ಚಾಲೂ ಮಾಡಾಕ ಬರೂದಿಲ್ಲೇನ್ರಿ?"

ಬಾಯಿಯವರು ಕಣ್ಣಿನ ಚಾಳೀಸು ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾಕೆ? ಇನ್ನೂ ಮಕ್ಕಳು ಬೇಕಾ?"

"ಮಕ್ಕಳ ಸಲುವಾಗೇ ಪಾಳಿ ಬೇಕ್ರಿ!"

"ಈ ವಯಸ್ಸಿನಲ್ಲಿ! ಲಾಜ್ ನಾಹೀ? ನಾಚಿಕೆ ಇಲ್ವಾ?" ಎಂದು ಅವರು ಬಾಗಿಲು ತೋರಿಸಿದರು.

ಅಲ್ಲಪ್ಪನ ತಲೆಯಲ್ಲಿ ಎಳೆಗೆ ಎಳೆ ಕೂಡಿತು. ಮಾಲಕರ ಹೆಂಡತಿ ಯಮುನಾಬಾಯಿ ಬರುವುದೂ ಇದೇ ದವಾಖಾನೆಗೆ. ಆಕೆ ಬಾಯಿಬಿಟ್ಟಿದ್ದಾಳೆ. ಆರು ತಿಂಗಳ ಹಿಂದೆಯೇ ರಾತ್ರಿ ಪಾಳಿ ಮುಚ್ಚುವ ಮಾತಾಗಿದೆ. ಅದು ತಂಗೆವ್ವನ ಕಿವಿಗೂ ಬಿದ್ದು, ಪಾಪ, ಹೊಟ್ಟೆಯೊಳಗೇ ಇಟ್ಟುಕೊಂಡು ರಕ್ತ ಕುದಿಸಿಕೊಂಡಿದ್ದಾಳೆ! ಔಷಧಿಗಾಗಿ ಕಾಯುತ್ತಿದ್ದ ಹೆಂಡತಿಯನ್ನು ಅಲ್ಲಿಯೇ ಮರೆತು ಅಲ್ಲಪ್ಪ ಓಡಿದ.

ಚಹದಂಗಡಿಯಲ್ಲಿ ಜೊತೆಯ ನೇಕಾರ ಮಲ್ಲಾರಿ ಬಶಿಯಲ್ಲಿ ಚಹ ಊದುತ್ತಿದ್ದ.

"ಮಲ್ಲಾರಿ, ಮುಳಗಿದ್ವಿ! ಪಾಳಿ ಬಂದ್ ಆತು!"

"ಯಾವ ಮಗಾ ಹೇಳಿದ?"

"ಡಾಕ್ಟರಬಾಯಿ! ವಯಸ್ಸಾದವರದು ಎಲ್ಲಾರದೂ ಬಂದಂತ!"

ಮಲ್ಲಾರಿಯ ಕೈ ತಾನಾಗಿ ನರೆತ ಮೀಸೆಗೆ ಹೋಯಿತು. "ನಂದೂ?"

"ನಿಂದೇನ ಬ್ಯಾರೆ ಐತೇನ?"

ಸುದ್ದಿ ಮಗ್ಗದ ಲಾಳಿಯ ಹಾಗೆ ಈ ತುದಿಯಿಂದ ಆ ತುದಿಗೆ ಓಡಾಡಿತು. ಊಟದ ಹೊತ್ತಿಗೆ ರಾತ್ರಿ ಪಾಳಿಯವರೆಲ್ಲ ನಿದ್ದೆಗಣ್ಣಿನಲ್ಲಿ ಎದ್ದು ಬಂದು ಮಗ್ಗದ ಕಾರ್ಖಾನೆಯ ಬಾಗಿಲಲ್ಲಿ ನೆರೆದರು. ಮಲ್ಲಾರಿ ಅಲ್ಲಪ್ಪನನ್ನು ಮುಂದೆ ದೂಡಿದ.

ಪದ್ಮಕುಮಾರ ಮಾಲಕರು ಮೆತ್ತಗಿನ ಮನುಷ್ಯ, ಇರುವೆ ಕಂಡರೆ ದಾರಿ ಬಿಡುವವರು. ಹೊರಗೆ ಬಂದು ಕೈಮುಗಿದರು. "ಏನಪಾ ಇದು?"

"ಪಾಳಿ ಬಂದ್ ಮಾಡೀರಂತಲ್ರಿ ಮಾಲಕ್ರ" ಎಂದ ಅಲ್ಲಪ್ಪ.

ಮಾಲಕರ ಮುಖ ಒಗೆದ ಧೋತರದಂತೆ ಬಿಳಿಚಿತು. "ಯಾ... ಯಾರು ಹೇಳಿದ್ರು?"

"ಡಾಕ್ಟರಬಾಯಿ ಹೇಳಿದ್ರರಿ."

"ಅಯ್ಯೋ!" ಮಾಲಕರು ತಲೆಯ ಟೋಪಿ ತೆಗೆದುಬಿಟ್ಟರು. "ನಾ ನಮ್ಮ ಮನೀಯಾಕಿಗೆ ಒಬ್ಬಾಕಿಗೇ ಹೇಳಿದ್ದೆ! ಹೌದಪಾ, ಮಾಲಿಗೆ ಗಿರಾಕಿ ಇಲ್ಲ. ಹೋಳಿ ಮುಗದ ಮ್ಯಾಲೆ ರಾತ್ರಿ ಪಾಳಿ ನಿಂದರಸೂದಿತ್ತು. ಅಲ್ಲೀತನಕಾ ನಿಮಗ ಚಿಂತಿ ಬ್ಯಾಡಂತ ಬಾಯಿ ಮುಚ್ಚಕೊಂಡಿದ್ದೆ."

ಗುಂಪಿನಲ್ಲಿ ಒಬ್ಬೊಬ್ಬರೂ ಹೋಳಿಗೆ ಉಳಿದ ವಾರಗಳನ್ನು ಬೆರಳಲ್ಲಿ ಎಣಿಸತೊಡಗಿದರು. ತಾನು ಹೇಳಿದ್ದು ನಿಜವಾಯಿತಲ್ಲ ಎಂದು ಅಲ್ಲಪ್ಪನ ಮೀಸೆಯ ಒಂದು ತುದಿ ಮಾತ್ರ ಮೇಲೆದ್ದಿತ್ತು.

ಆಗ ಗುಂಪು ಸೀಳಿಕೊಂಡು ತಂಗೆವ್ವ ಬಂದಳು. ಕೈಯಲ್ಲಿ ಔಷಧಿಯ ಬಾಟಲಿ, ಕಣ್ಣಲ್ಲಿ ಕೆಂಡ.

"ದವಾಖಾನ್ಯಾಗ ನನ್ನ ಬಿಟ್ಟ ಎಲ್ಲಿ ಓಡಿ ಬಂದಿ? ಏನ ಜಾತ್ರಿ ಹಚ್ಚೀದಿ ಇಲ್ಲೆ?"

"ನೀ ಮನಸಿನ್ಯಾಗ ಇಟಕೊಂಡಿದ್ದು ಹೊರಗ ಬಿತ್ತು ಬಿಡು. ಮಾಲಕ್ರೇ ಒಪ್ಪಿದ್ರು, ಪಾಳಿ ಬಂದಂತ."

"ನನ್ನ ಪಾಳಿ ಬಂದಾದ್ರ ಮಾಲಕ್ರು ಯಾಕ ಒಪ್ಪಬೇಕೋ!" ತಂಗೆವ್ವ ಬಾಯಿಗೆ ಸೆರಗು ಹಿಡಿದಳು. "ಮರಾಠ್ಯಾಗ ಪಾಳಿ ಅಂದ್ರ ಹೆಂಗಸರು ತಿಂಗಳಾ ಹೊರಗ ಕುಂದರೂದು! ಅದು ನಿಂತೈತಿ ಅಂದ್ರು ಅವರು. ಹೆಣ್ಣಿನ ಮೈಯಾಗ ಹಾರ್ಮೋನ ಅಂತ ಒಂದು ರಸ ಇರತೈತಂತ, ರಕ್ತದ ನಾಳಾ ಮೆತ್ತಗ ಇಡತೈತಂತ. ಪಾಳಿ ನಿಲ್ಲೂ ವಯಸ್ಸಿಗೆ ಆ ರಸಾ ಬತ್ತತೈತಿ. ನಾಳಾ ಗಂಜಿ ಹೆಚ್ಚಾದ ನೂಲಿನಾಂಗ ಬಿರಸ ಆಗಿ, ರಕ್ತದ ದಾಬ ಏರತೈತಿ. ಉಪ್ಪು ಕಡಿಮಿ ಮಾಡು, ಸಿಟ್ಟಿಗೇಳಬ್ಯಾಡ ಅಂದ್ರು. ಇಂಥಾ ಗಂಡನ್ನ ಕಟಗೊಂಡು ಸಿಟ್ಟ ಎಲ್ಲಿ ಬಿಡ್ಲಿ?"

ಗಂಡಸರೆಲ್ಲ ಏಕಕಾಲಕ್ಕೆ ಆಕಾಶ ನೋಡಿದರು. ಮತ್ತೆ ಮೀಸೆಗೆ ಹೋಗಿದ್ದ ಕೈಯನ್ನು ಮಲ್ಲಾರಿ ಮೆಲ್ಲನೆ ಇಳಿಸಿದ. "ಅಲ್ಲೋ ಅಲ್ಲಪ್ಪ, ನಂದೂ ಬಂದ್ ಅಂದ್ಯಲ್ಲೋ!"

ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಮಾಲಕರು. "ಅಂದ್ರ ಯಾರೂ ಹೇಳಿರಲಿಲ್ಲ. ಹೇಳಿದಾಂವ ನಾನಽ!"

ಮಲ್ಲಾರಿ ಹಲ್ಲು ಕಿರಿದ. "ನಾವೂ ಕೇಳಿಲ್ಲಂತ ತಿಳೀರಿ ಮಾಲಕ್ರ. ಹೋಳೀತನಕಾ ನಡೀಲಿ."

"ಹ್ಯಾಂಗ ನಡೀಬೇಕಪಾ? ನಾಳಿಂದ ಒಬ್ಬೊಬ್ಬರ ಬ್ಯಾರೆ ಕಡೆ ಕೆಲಸಾ ಹುಡುಕಾಕ ಹೊಂಟೀರಿ, ಅರ್ಧಾ ನೇಯ್ದ ಬಟ್ಟಿ ನನ್ನ ಕೊರಳಿಗೆ. ಇವತ್ತಿಂದಽ ರಾತ್ರಿ ಪಾಳಿ ಬಂದ್. ಹಗಲ ಪಾಳ್ಯಾಗ ಜಾಗಾ ಆದಾಂಗ ಒಬ್ಬೊಬ್ಬರನ್ನ ಕರೀತೇನಿ."

ಗುಂಪು ಅಲ್ಲಪ್ಪನ ಕಡೆ ತಿರುಗಿತು. ಹೋಳಿಯವರೆಗಿನ ಎಲ್ಲರ ಅನ್ನ ಅವನ ಬಾಯಿಯಿಂದಾಗಿ ಹೋಗಿತ್ತು. ತಂಗೆವ್ವನ ಕೈಯ ಬಾಟಲಿ ನೋಡಿ, ಅವನು ಎಲ್ಲ ಮಾನ ಬಿಟ್ಟು ಮಾಲಕರ ಮುಂದೆ ಬಾಗಿದ.

"ಮಾಲಕ್ರ, ಹೆಂಡತಿ ಔಷಧಿ ನಿಂದರಬಾರದ್ರಿ. ಹಗಲ ಪಾಳ್ಯಾಗ ಮದಲ ನನಗ ಜಾಗಾ ಕೊಡ್ರಿ."

ಇರುವೆಗೂ ದಾರಿ ಬಿಡುವ ಪದ್ಮಕುಮಾರ ಮಾಲಕರು ಟೋಪಿ ಹಾಕಿಕೊಂಡರು, ಬಾಗಿಲು ಎಳೆದುಕೊಂಡರು. ಒಳಗಿನಿಂದ ಅವರ ಧ್ವನಿ ಕೇಳಿಸಿತು.

"ಎಲ್ಲಾರಿಗೂ ಕೊಟ್ಟೇನು. ನನ್ನ ಬಾಯಿ ಬಿಡಿಸಿದ ನಿನಗ ಮಾತ್ರ ಕೊಡಂಗಿಲ್ಲ."