ಲೋ ಕಾರ್ಬ್, ಹೈ ಕಾರುಬಾರು

ರತ್ನಾವತಿಯ ಕ್ಯಾನ್ಸರ್ ಮನೆ ಬಿಟ್ಟು ಹೋಯಿತು. ಅದರ ಬೆನ್ನಿಗೇ ಕುಚ್ಚಲಕ್ಕಿಯೂ ಹೋಯಿತು. ಮೊದಲನೆಯದು ಹೋದಾಗ ಲೀಲಾಧರ ಶೆಟ್ಟರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕರವಸ್ತ್ರ ಒದ್ದೆಯಾಗುವಷ್ಟು ಅತ್ತಿದ್ದರು. ಎರಡನೆಯದಕ್ಕೂ ಅಳು ಬಂದಿತ್ತು. ಆದರೆ ಗುಣವಾದ ಹೆಂಡತಿಯ ಎದುರು ಅಕ್ಕಿಗಾಗಿ ಅತ್ತ ಗಂಡ ಎಂಬ ಬಿರುದು ಯಾರಿಗೆ ಬೇಕು?

ಶೆಟ್ಟರದ್ದು ಡೊಂಬಿವಲಿ ಪೂರ್ವದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡ ಒಂದು ಹಳೆಯ ವಸತಿ ಸೊಸೈಟಿಯ ಎರಡನೇ ಮಾಳಿಗೆಯ ಮನೆ. ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದವರು, ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂತು ಅದೇ ಮೀಸೆಯನ್ನು ಬೆಳ್ಳಗೆ ಮಾಡಿಕೊಂಡಿದ್ದರು. ಹೆಂಡತಿ ರತ್ನಾವತಿ ಇಡೀ ಕಟ್ಟಡಕ್ಕೆ ರತ್ನಕ್ಕ. ಎದೆಯ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಶನ್ ಎಲ್ಲ ದಾಟಿ ಬಂದ ರತ್ನಕ್ಕನ ತಲೆಯಲ್ಲಿ ಈಗ ಹೊಸ ಕೂದಲು ಚಿಗುರಿ, ಶಾಲೆಯ ಹುಡುಗನ ಕ್ರಾಪಿನಷ್ಟಾಗಿತ್ತು. ಚಿಕಿತ್ಸೆಯ ಔಷಧಿಗಳು ಮಾತ್ರ ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಎರಡು ಉಡುಗೊರೆ ಬಿಟ್ಟು ಹೋಗಿದ್ದವು: ಏರಿದ ತೂಕ, ಏರಿದ ಸಕ್ಕರೆ.

ಠಾಣೆ ನಗರದ ಆಸ್ಪತ್ರೆಯಲ್ಲಿ ಪಥ್ಯ ಹೇಳುವವಳು ಯಾಮಿನಿ ಎಂಬ ಮೈಸೂರಿನ ಹುಡುಗಿ.

"ಅಮ್ಮಾ, ಇನ್ಮೇಲೆ ಕಾರ್ಬ್ ಕಮ್ಮಿ ಮಾಡ್ಬೇಕು. ಅನ್ನ, ಇಡ್ಲಿ, ದೋಸೆ, ಅವಲಕ್ಕಿ ಎಲ್ಲಾ ತುಂಬಾ ಕಮ್ಮಿ. ತರಕಾರಿ, ಮೊಟ್ಟೆ, ಮೀನು, ಕಾಳು ಚೆನ್ನಾಗಿ ತಗೊಳ್ಳಿ. ಉಪವಾಸ ಮಾತ್ರ ಮಾಡ್ಬೇಡಿ, ನಿಮ್ಗೀಗ ಶಕ್ತಿ ಬೇಕು."

"ಅಷ್ಟೇ ಅಲ್ಲವಾ?" ಎಂದರು ರತ್ನಕ್ಕ. ಕೀಮೋ ಕಂಡವರಿಗೆ ಅನ್ನ ಬಿಡುವುದು ಅಂಥ ದೊಡ್ಡ ವಿಷಯವಾಗಿ ಕಾಣಲಿಲ್ಲ.

"ಇಡ್ಲಿಯೂ ಇಲ್ಲವಾ?" ಎಂದರು ಶೆಟ್ಟರು. ಆ ದನಿ ಕೇಳಿ, ಕಾಯಿಲೆ ಇರುವುದು ಯಾರಿಗೆಂದು ಯಾಮಿನಿ ಇನ್ನೊಮ್ಮೆ ಫೈಲು ನೋಡಿದಳು.

ಶೆಟ್ಟರ ಒಳಸಂಕಟ ಬೇರೆಯೇ ಇತ್ತು. ಹೆಂಡತಿ ಕಾಯಿಲೆ ಬಿದ್ದ ಅಷ್ಟೂ ತಿಂಗಳು ಅವರಿಗೆ ಕೆಲಸವೇ ಇರಲಿಲ್ಲ. ಡಾಕ್ಟರರು ಕೊಯ್ದರು, ನರ್ಸುಗಳು ಚುಚ್ಚಿದರು, ಐರೋಲಿಯ ಐಟಿ ಕಂಪನಿಯಲ್ಲಿದ್ದ ಮಗಳು ದಿಶಾ ರಜೆ ಹಾಕಿ ವಿಮೆಯವರ ಹಿಂದೆ ಓಡಿದಳು. ಶೆಟ್ಟರು ಮಾತ್ರ ವರಾಂಡದ ಕುರ್ಚಿಯಲ್ಲಿ ಬಿಸಿನೀರಿನ ಫ್ಲಾಸ್ಕನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ನೀರು ಕೇಳಿಯಾರೆಂದು ಕಾದರು. ಯಾರೂ ಕೇಳಲಿಲ್ಲ. ಈಗ ಕೊನೆಗೂ ಮಾತು ಊಟದ ಕಡೆಗೆ ತಿರುಗಿತ್ತು. ಊಟವೆಂದರೆ ತಮ್ಮ ಇಲಾಖೆ ಎಂದು ಶೆಟ್ಟರು ತಿಳಿದಿದ್ದರು.

ಆಸ್ಪತ್ರೆಯಿಂದ ಹಿಂದಿರುಗುವಾಗ ಕಾರಿನಲ್ಲೇ ಪ್ರಕಟಣೆ ಹೊರಬಿತ್ತು. (ಕಾರು ಅದೇ ಕಟ್ಟಡದ ನೆಲ ಅಂತಸ್ತಿನ ಪ್ರೇಮನಾಥರದ್ದು. ಬ್ಯಾಂಕಿನಿಂದ ನಿವೃತ್ತರಾದ ಈ ಪುಣ್ಯಾತ್ಮರು ರತ್ನಕ್ಕನನ್ನು ಪ್ರತಿ ಸಲ ತಾವೇ ಕರೆದುಕೊಂಡು ಹೋಗಿ ಬರುತ್ತಿದ್ದರು.)

"ರತ್ನಾ, ಬೆಳಿಗ್ಗೆಯ ತಿಂಡಿ ಇನ್ನು ನನ್ನ ಜವಾಬ್ದಾರಿ."

"ನಿಮಗೆ ಅಡುಗೆ ಬರುದು ಯಾವಾಗಿಂದ?"

"ಜೀವಮಾನ ಹೋಟೆಲಿನಲ್ಲಿ ಕಳೆದಿದ್ದೇನೆ ಮಾರಾಯ್ತಿ."

"ಗಲ್ಲಾದಲ್ಲಿ."

"ಗಲ್ಲಾ ಹೋಟೆಲಿನ ಒಳಗೇ ಇರುದಲ್ಲವಾ?"

ಪ್ರೇಮನಾಥರು ನಗು ಮುಚ್ಚಲು ಸುಮ್ಮನೆ ಒಮ್ಮೆ ಹಾರ್ನ್ ಹೊಡೆದರು.

ಹೀಗೆ ಮನೆಯಲ್ಲಿ ಕಾರ್ಬ್ ಇಳಿಯಿತು, ಶೆಟ್ಟರ ಕಾರುಬಾರು ಏರಿತು. ಮರುದಿನವೇ ಅಕ್ಕಿ, ಅವಲಕ್ಕಿ, ರವೆ, ಬೆಲ್ಲಗಳಿಗೆ ಗಡೀಪಾರಿನ ಆಜ್ಞೆ ಜಾರಿಯಾಯಿತು.

"ಪಪ್ಪಾ, ಫಿರ್ ಮೈ ಕ್ಯಾ ಖಾವೂಂ?" ಎಂದು ತನ್ನ ತಿಂಡಿಯ ಗತಿ ಕೇಳಿದಳು ದಿಶಾ. ಅವಳಿಗೆ ಕನ್ನಡ ಕೇಳಿ ಗೊತ್ತು, ಬಾಯಿಗೆ ಬರುವುದು ಹಿಂದಿ.

"ನಿನಗೆ ಕಂಪನಿಯ ಕ್ಯಾಂಟೀನ್ ಉಂಟಲ್ಲ."

ಆಗಿನ್ನೂ ಶೆಟ್ಟರ ಫೋನಿಗೆ ವಾಟ್ಸಾಪ್ ಬಂದ ಹೊಸತು. ಅದರಲ್ಲಿ ಬಂದದ್ದೆಲ್ಲ ವೇದವಾಕ್ಯ. ಅಮೆರಿಕದವರು ಹೂಕೋಸನ್ನು ತುರಿದು ಅನ್ನದ ಬದಲು ತಿನ್ನುತ್ತಾರೆಂದು ಯಾರೋ ಕಳಿಸಿದ್ದರು. ಶೆಟ್ಟರ ತಲೆಯಲ್ಲಿ ಮಿಂಚು ಹರಿಯಿತು. ಹೂಕೋಸಿನ ಅನ್ನ ಆಗುವುದಾದರೆ ಹೂಕೋಸಿನ ಇಡ್ಲಿ ಯಾಕಾಗಬಾರದು?

ಮೊದಲ ದಿನ ತುರಿದ ಹೂಕೋಸಿನಲ್ಲಿ ಅರ್ಧ ಪಾತ್ರೆಗೆ ಬಿತ್ತು, ಅರ್ಧ ಶೆಟ್ಟರ ಮೀಸೆಗೆ. ಸ್ವಲ್ಪ ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಸೇರಿಸಿ ಹಬೆಯಲ್ಲಿಟ್ಟು ತೆಗೆದರೆ, ಮಳೆಗಾಲದ ಪ್ಲಾಟ್‌ಫಾರ್ಮಿನ ಬಣ್ಣದ ಒಂದು ಪದಾರ್ಥ ತಟ್ಟೆಯಲ್ಲಿ ಕಾಲು ಚಾಚಿ ಮಲಗಿತ್ತು. ಚಮಚ ತಾಗಿದ್ದೇ ತಡ, ನಾಚಿ ನೀರಾಯಿತು.

"ಇದು ಎಂತ?" ಎಂದು ರತ್ನಕ್ಕ ವಿಚಾರಿಸಿದರು.

"ಇಡ್ಲಿ."

"ಇಡ್ಲಿಗೆ ಗೊತ್ತುಂಟಾ?"

ಶೆಟ್ಟರು ಎದೆಗುಂದಲಿಲ್ಲ. ಮಾರನೆಯ ದಿನ ಅಗಸೆ ಬೀಜದ ಪುಡಿ ಬೆರೆಸಿದರು. ಇಡ್ಲಿಗೆ ಮೈಕಟ್ಟು ಬಂತು. ಇನ್ನಷ್ಟು ಬೆರೆಸಿದರು, ಅಚ್ಚಿನಿಂದ ಬಿಡಿಸಲು ಚೂರಿ ಬೇಕಾಯಿತು. ರತ್ನಕ್ಕ ಆ ವಾರ ಮುಗಿಯುವವರೆಗೆ ತಾಳಿಕೊಂಡು ನೋಡಿ, ಮೆಲ್ಲಗೆ ಒಂದು ಮಾತು ಹೇಳಿದರು.

"ಇದಕ್ಕೆ ಉಪ್ಪು ಹಾಕಬೇಡಿ. ಮೆಣಸೂ ಬೇಡ. ನೀರುಳ್ಳಿಯಂತೂ ಬೇಡವೇ ಬೇಡ."

"ಸಪ್ಪೆ ಆಗುದಿಲ್ಲವಾ?"

"ಆಗ್ಲಿ. ಇನ್ನು ಮುಂದೆ ಒಟ್ಟಿಗೆ ಡಬ್ಬಿಯಲ್ಲಿ ಹಾಕಿಟ್ಟು ಹೋಗಿ. ನಾನು ನಿಧಾನಕ್ಕೆ ನೋಡಿಕೊಳ್ತೇನೆ."

ಎಂಥ ಸಂಯಮ, ಎಂಥ ನಿಷ್ಠೆ ಎಂದು ಶೆಟ್ಟರಿಗೆ ಮೈ ಜುಮ್ಮೆಂದಿತು. ಅಂದಿನಿಂದ ಬೆಳಕು ಹರಿಯುವ ಮೊದಲೇ ಎದ್ದು, ಯಾವುದೋ ಹಳೆಯ ಹಾಡು ಗುನುಗುತ್ತ ಹೂಕೋಸು ತುರಿಯುವರು. ಇಡ್ಲಿ ಬೇಯಿಸಿ ಸ್ಟೀಲಿನ ಡಬ್ಬಿಗೆ ತುಂಬಿ ಹೋಟೆಲಿಗೆ ಹೊರಡುವರು. ಮಧ್ಯಾಹ್ನ ಬಂದು ನೋಡಿದರೆ ಡಬ್ಬಿ ಖಾಲಿ, ತೊಳೆದು ಬೋರಲು ಹಾಕಿದ್ದು. ಒಂದು ಚೂರೂ ಉಳಿದದ್ದಿಲ್ಲ.

ಅಷ್ಟು ದಿನದಲ್ಲಿ ಶೆಟ್ಟರು ಸ್ವತಃ ಅದನ್ನು ಒಮ್ಮೆಯೂ ತಿಂದು ನೋಡಿದವರಲ್ಲ. ಗಲ್ಲಾದಲ್ಲಿ ಕೂತವನಿಗೆ ರುಚಿ ತಿಳಿಯುವುದು ನಾಲಿಗೆಯಿಂದಲ್ಲ, ಗಿರಾಕಿ ಬಿಟ್ಟು ಹೋದ ತಟ್ಟೆಯಿಂದ. ಜೊತೆಗೆ ಅವರ ಸ್ವಂತ ತಿಂಡಿ ಹೋಟೆಲಿನಲ್ಲೇ ಆಗುತ್ತಿತ್ತು. ಅಲ್ಲಿಯ ಇಡ್ಲಿಗೆ ಅಕ್ಕಿ ಹಾಕುತ್ತಾರೆಂಬ ವಿಷಯವನ್ನು ಮನೆಯಲ್ಲಿ ಚರ್ಚಿಸುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಕೆಲವು ತಿಂಗಳ ಮೇಲೆ ಮತ್ತೆ ಠಾಣೆಗೆ ಹೋದಾಗ ರತ್ನಕ್ಕನ ಸಕ್ಕರೆ ಇಳಿದಿತ್ತು, ತೂಕವೂ ಹಿತಮಿತವಾಗಿ ಇಳಿದಿತ್ತು. ಯಾಮಿನಿಯ ಮುಖ ಅರಳಿತು.

"ಸೂಪರ್ ಅಮ್ಮಾ. ಏನೇನ್ ತಿಂದ್ರಿ ಹೇಳಿ."

ರತ್ನಕ್ಕ ಬಾಯಿ ತೆರೆದರು. ಮಾತು ಶೆಟ್ಟರ ಬಾಯಿಂದ ಹೊರಟಿತು. ಹೂಕೋಸು, ಅಗಸೆ, ಹಬೆಯ ಹದ, ಹೆಂಡತಿಯ ನಿಷ್ಠೆ, ಗಂಡನ ತಪಸ್ಸು ಎಲ್ಲವೂ ಕ್ರಮವಾಗಿ ಬಂದವು. ಕೇಳಿ ಯಾಮಿನಿ ಮರುಳಾದಳು. ಕ್ಯಾನ್ಸರಿನಿಂದ ಚೇತರಿಸಿಕೊಂಡ ಕನ್ನಡಿಗರನ್ನು ಮನೆಯವರ ಸಮೇತ ಒಂದೆಡೆ ಸೇರಿಸುವ ಕಾರ್ಯಕ್ರಮ ಡೊಂಬಿವಲಿಯ ಒಂದು ಸಂಘದ ಸಭಾಂಗಣದಲ್ಲಿತ್ತು. "ಸರ್, ನೀವು ಬಂದು ಮಾಡಿ ತೋರಿಸ್ಲೇಬೇಕು. ಎಲ್ಲರಿಗೂ ಒಂದೊಂದು ಪೀಸ್ ಕೊಡೋಣ."

"ಬೇಡ ಮಾರಾಯ್ರೆ," ಎಂದರು ರತ್ನಕ್ಕ ಮೆಟ್ಟಿಲಿಳಿಯುವಾಗ. "ಅಲ್ಲಿಗೆ ಬರುವವರೆಲ್ಲ ಈಗಷ್ಟೇ ಎದ್ದು ಕೂತವರು."

"ಅವರಿಗೇ ಅಲ್ಲವಾ ಬೇಕಾದದ್ದು?"

ಆ ವಾರ ರತ್ನಕ್ಕ ಎರಡು ಮೂರು ಸಲ ಏನೋ ಹೇಳಲು ಬಂದು, ಗಂಡ ಕನ್ನಡಿಯ ಮುಂದೆ ನಿಂತು ಭಾಷಣ ಒಪ್ಪಿಸುತ್ತಿರುವುದನ್ನು ಕಂಡು ಹಿಂದೆ ಸರಿದರು. ಪಾಪ, ಅವಳಿಗೆ ಸಭಾಕಂಪನ ಎಂದುಕೊಂಡರು ಶೆಟ್ಟರು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ತಲೆಗೆ ಸ್ಕಾರ್ಫ್ ಕಟ್ಟಿದವರು, ಕೋಲು ಹಿಡಿದವರು, ಅವರ ಪಕ್ಕದಲ್ಲಿ ಅವರಿಗಿಂತ ಸೊರಗಿದ ಮನೆಯವರು. ಶೆಟ್ಟರು ಮೈಕ್ ಹಿಡಿದರು. "ಬಂಧುಗಳೇ, ಇಡ್ಲಿಯಿಂದ ಅಕ್ಕಿ ತೆಗೆದರೆ ಉಳಿಯುವುದು ಏನು? ಇಡ್ಲಿಯ ಆತ್ಮ. ಆ ಆತ್ಮವನ್ನು ನಾನು ಹೂಕೋಸಿನಲ್ಲಿ ಕಂಡೆ." ಚಪ್ಪಾಳೆ ಬಿತ್ತು. ಕಾಗದದ ತಟ್ಟೆಗಳಲ್ಲಿ ಆತ್ಮದ ತುಂಡುಗಳನ್ನು ಹಂಚಲಾಯಿತು.

ಆಮೇಲೆ ಎಲ್ಲರ ದವಡೆಗಳು ಆಡತೊಡಗಿದವು, ಆಡುತ್ತಲೇ ಇದ್ದವು. ಮೊದಲ ಸಾಲಿನಲ್ಲಿ ಪಕ್ಕದ ಊರು ಕಲ್ಯಾಣದ ಸೈದಪ್ಪನವರಿದ್ದರು; ಮೂಲತಃ ಗುಲಬರ್ಗಾ ಕಡೆಯವರು, ರೈಲ್ವೆಯಲ್ಲಿದ್ದವರು, ಬಾಯಿಯ ಕ್ಯಾನ್ಸರಿನಿಂದ ಪಾರಾದವರು. ಅವರು ಬಹಳ ಹೊತ್ತು ಅಗಿದು, ಕಷ್ಟಪಟ್ಟು ನುಂಗಿ, ನೀರು ಕುಡಿದು ಎದ್ದು ನಿಂತರು.

"ರೇಡಿಯೇಶನ್ ಆದ ಮ್ಯಾಲ ನನ್ನ ನಾಲಿಗಿ ರುಚಿ ಪೂರಾ ಹೋಗಿತ್ರೀ. ಮೊನ್ನಿ ಹೊಳ್ಳಿ ಬಂದಿತ್ತು. ಇವತ್ತ ಮತ್ತ ಹೋತು ನೋಡ್ರಿ."

ಅಲ್ಲೊಂದು ಇಲ್ಲೊಂದು ನಗು ಸಿಡಿಯಿತು. ಯಾಮಿನಿ ಪೆಚ್ಚಾಗಿ ಶೆಟ್ಟರ ಕಿವಿಯಲ್ಲಿ ಕೇಳಿದಳು. "ಸರ್, ನೀವು ಇದನ್ನ ತಿಂದ್ ನೋಡಿದೀರಾ?"

ಮೈಕ್ ಇನ್ನೂ ಚಾಲೂ ಇತ್ತು. ಪ್ರಶ್ನೆ ಇಡೀ ಸಭೆಗೆ ಕೇಳಿಸಿತು. ಬೇರೆ ದಾರಿಯಿಲ್ಲದೆ ಶೆಟ್ಟರು ಒಂದು ತುಂಡು ಬಾಯಿಗಿಟ್ಟರು. ಮೊದಲಿಗೆ ಏನೂ ರುಚಿ ಬರಲಿಲ್ಲ. ಆಮೇಲೂ ಬರಲಿಲ್ಲ. ಆಮೇಲೆ ಒದ್ದೆ ಗೋಣಿಯ ನೆನಪೊಂದು ಮಾತ್ರ ಬಂತು. ನುಂಗಲು ಹೋದರೆ ಅದು ಇಳಿಯಲೊಲ್ಲದು. ಇದನ್ನು ಇವಳು ದಿನಾ ತಿಂದಳಾ ಎಂದು ಹೆಂಡತಿಯ ಕಡೆ ನೋಡಿದರು. ರತ್ನಕ್ಕ ಛಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಗೆಳೆಯನ ಮಾನ ಕಾಯಲು ಆಗ ಎದ್ದವರು ಪ್ರೇಮನಾಥರು.

"ಯಾರೂ ನಗಾಡಬೇಡಿ. ಇದರ ಗುಣ ನಾನು ಕಣ್ಣಾರೆ ಕಂಡವ. ನಮ್ಮ ಶೇರು ಮೊದಲು ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡ್ತಿದ್ದ. ರತ್ನಕ್ಕ ದಿನಾ ಬೆಳಿಗ್ಗೆ ಈ ಡಬ್ಬಿ ಕೊಡ್ಲಿಕ್ಕೆ ಶುರು ಮಾಡಿದ ಮೇಲೆ ಹೊಟ್ಟೆ ಕರಗಿ, ಈಗ ಇಡೀ ಸೊಸೈಟಿ ಸುತ್ತು ಓಡ್ತಾನೆ."

"ಶೇರು ಅಂದ್ರ ನಿಮ್ಮ ಮಗನ್ರೀ?" ಎಂದರು ಸೈದಪ್ಪ.

"ಅಲ್ಲ, ನಾಯಿ. ಲ್ಯಾಬ್ರಡಾರ್."

ಸಭೆ ಒಮ್ಮೆಲೇ ಬಿದ್ದು ಬಿದ್ದು ನಕ್ಕಿತು. ಹೊಲಿಗೆ ಹಾಕಿಸಿಕೊಂಡ ಜಾಗವನ್ನು ಒತ್ತಿಹಿಡಿದು ನಕ್ಕವರಿದ್ದರು. ನಕ್ಕು ನಕ್ಕು ಸ್ಕಾರ್ಫ್ ಜಾರಿದವರಿದ್ದರು. ಎಷ್ಟೋ ದಿನದಿಂದ ಹಲ್ಲು ತೋರಿಸದಿದ್ದ ಮನೆಯವರು ಕೂಡ ಕುರ್ಚಿ ಹಿಡಿದುಕೊಂಡರು. ವೇದಿಕೆಯ ಮೇಲೆ ಶೆಟ್ಟರು, ಬಾಯಲ್ಲಿ ಆ ತುಂಡಿನ ಸಮೇತ, ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದ್ದರು.

ರತ್ನಕ್ಕ ಎದ್ದು ಬಂದು ಗಂಡನ ಕೈಯಿಂದ ಮೈಕ್ ತೆಗೆದುಕೊಂಡರು.

"ತಪ್ಪು ನನ್ನದು. ಬೆಳಿಗ್ಗೆ ನಾನು ತಿಂದದ್ದು ಎರಡು ಮೊಟ್ಟೆ, ಒಂದು ಹಿಡಿ ಹೆಸರುಕಾಳು. ಮಧ್ಯಾಹ್ನ ಬಸಳೆಯೋ ಬೆಂಡೆಯೋ, ಸಿಕ್ಕಿದ ದಿನ ಬಂಗುಡೆ ಸಾರು. ಸಂಜೆ ಸ್ವಲ್ಪ ನಡಿಗೆ. ಬೇರೆ ಎಂತದೂ ಇಲ್ಲ."

"ಮತ್ತೆ ಸರ್‌ಗೆ ಯಾಕೆ ಹೇಳ್ಲಿಲ್ಲ?" ಎಂದಳು ಯಾಮಿನಿ.

"ಹೇಗೆ ಹೇಳುದು? ನಾನು ಆಸ್ಪತ್ರೆಯಲ್ಲಿ ಮಲಗಿದ ಅಷ್ಟೂ ದಿನ ಈ ಮನುಷ್ಯ ಫ್ಲಾಸ್ಕ್ ಹಿಡ್ಕೊಂಡು ಬಾಯಿ ಬಿಡದೆ ಕೂತಿದ್ದರು. ಇವರಿಗೇ ಏನಾದರೂ ಆಗ್ತದೆ ಅಂತ ನನಗೆ ಹೆದರಿಕೆ. ಹೂಕೋಸು ತುರಿಯುವಾಗ ಮೊದಲ ಸಲ ಹಾಡಿದರು. ಇಡ್ಲಿ ಚೆನ್ನಾಗಿಲ್ಲ ಅಂತ ಹೇಳಿ ಅದನ್ನು ನಿಲ್ಲಿಸುದಾ?"

ನಗು ನಿಂತಿತು. ಸೈದಪ್ಪನವರು ತಟ್ಟೆಯಲ್ಲಿ ಉಳಿದಿದ್ದ ಚೂರನ್ನು ನೋಡಿ, ಒಂದು ನಿಟ್ಟುಸಿರು ಬಿಟ್ಟು, ಅದನ್ನೂ ಬಾಯಿಗೆ ಹಾಕಿಕೊಂಡರು. ಮರ್ಯಾದೆಯೆಂದರೆ ಅದು.

ಮನೆಗೆ ಬರುವಾಗ ಕಾರಿನಲ್ಲಿ ಶೆಟ್ಟರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ರೈಲ್ವೆ ಫಾಟಕದ ಹತ್ತಿರ ಕಾರು ನಿಂತಾಗ ಮೊದಲ ಮಾತು ಬಂತು.

"ಉಪ್ಪು ಬೇಡ ಅಂದದ್ದು?"

"ನಾಯಿಗೆ ಆಗುದಿಲ್ಲ."

"ಮೆಣಸು?"

"ಅದೂ ಆಗುದಿಲ್ಲ."

"ನೀರುಳ್ಳಿ?"

"ಅದು ಅವಕ್ಕೆ ವಿಷ ಅಂತೆ."

ಶೆಟ್ಟರು ಮತ್ತೆ ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ ರತ್ನಕ್ಕ ಅವರ ಕೈಯ ಮೇಲೆ ಕೈಯಿಟ್ಟರು. ಶೆಟ್ಟರು ಕೈ ತೆಗೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಕೋಪವನ್ನು ಮನೆಯವರೆಗಾದರೂ ಉಳಿಸಿಕೊಳ್ಳಬೇಕೆಂಬ ಹಟ.

ಮರುದಿನ ಶೆಟ್ಟರು ಏಳಲಿಲ್ಲ. ತುರಿಯುವ ಮಣೆಯನ್ನು ಅಟ್ಟಕ್ಕೆ ಎಸೆದಿದ್ದರು. ರತ್ನಕ್ಕ ತಮ್ಮ ಮೊಟ್ಟೆ ಬೇಯಿಸಿಕೊಂಡು, ಗಂಡನಿಗೂ ಎರಡು ಇಟ್ಟು ಮೇಜಿನ ಮುಂದೆ ಕೂತಿದ್ದರು. ಕರೆಗಂಟೆ ಸದ್ದು ಮಾಡಿತು. ಶೆಟ್ಟರು ಕಣ್ಣುಜ್ಜುತ್ತ ಬಾಗಿಲು ತೆರೆದರೆ ಪ್ರೇಮನಾಥರು.

"ಶೆಟ್ರೆ, ಇವತ್ತು ಡಬ್ಬಿ ಬರಲಿಲ್ಲ. ಶೇರು ಬಾಗಿಲು ಬಿಟ್ಟು ಕದಲುದಿಲ್ಲ. ಚಪಾತಿ ಕೊಟ್ಟರೆ ಮುಖ ತಿರುಗಿಸ್ತಾನೆ."

"ಪ್ರೇಮಣ್ಣ, ನಾನು ಹೋಟೆಲಿನವ. ನಾಯಿಗೆ ಬೇಯಿಸುವವ ಅಲ್ಲ."

"ಸರಿ ಮಾರಾಯ್ರೆ. ಒತ್ತಾಯ ಇಲ್ಲ." ಪ್ರೇಮನಾಥರು ಎರಡು ಮೆಟ್ಟಿಲಿಳಿದು ನಿಂತರು. "ಪಶುಗಳ ಡಾಕ್ಟರ್ ಕೇಳ್ತಿದ್ದರು, ಇದನ್ನು ಮಾಡಿದವರು ಯಾರು, ಬೇರೆಯವರ ನಾಯಿಗೂ ಸಿಕ್ಕೀತಾ ಅಂತ. ಇಲ್ಲ ಅಂತ ಹೇಳ್ತೇನೆ."

ಶೆಟ್ಟರು ಬಾಗಿಲು ಮುಚ್ಚಲು ಹೋಗಿ, ಅರ್ಧಕ್ಕೆ ನಿಲ್ಲಿಸಿದರು. ಒಳಗೆ ಒಮ್ಮೆ ನೋಡಿದರು. ತುರಿಯುವ ಮಣೆ ಇಳಿಸಲು ಏಣಿ ಎಲ್ಲಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ ಹಾಗೆ ಕಂಡಿತು. ಆಮೇಲೆ ಗಲ್ಲಾದ ಗಾಂಭೀರ್ಯದಲ್ಲಿ ಗಂಟಲು ಸರಿಮಾಡಿಕೊಂಡು ಕೇಳಿದರು.

"ಅವನಿಗೆ ಮೆತ್ತಗಿನದ್ದು ಆಗ್ತದಾ, ಗಟ್ಟಿಯಾದದ್ದು ಬೇಕಾ?"

"ಗಟ್ಟಿಯದ್ದೇ ಇರ್ಲಿ ಶೆಟ್ರೆ. ಅವ ಮೊದಲು ಸ್ವಲ್ಪ ಹೊತ್ತು ಚೆಂಡಾಟ ಆಡಿ, ಆಮೇಲೆ ತಿನ್ನುದು."

ಒಳಗೆ ರತ್ನಕ್ಕನಿಗೆ ಮೊಟ್ಟೆ ಗಂಟಲಲ್ಲಿ ಸಿಕ್ಕಿ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ಶೆಟ್ಟರಿಗೆ ಚೆನ್ನಾಗಿ ಗೊತ್ತಿತ್ತು.