ನಮ್ಮ ಓಣಿಯ ರಿವರ್ಸ್ ಗೇರು

ನೌಕರಿಯಲ್ಲಿ ಇರುವಷ್ಟು ಕಾಲ ನನ್ನ ಬದುಕಿನಲ್ಲಿ ನಗುವಂಥದ್ದೇನೂ ನಡೆಯಲಿಲ್ಲ. ನಡೆದಿದ್ದರೂ ನಗುವ ದರ್ಜೆ ನನ್ನದಾಗಿರಲಿಲ್ಲ. ನಿವೃತ್ತನಾದ ಮೇಲೆ ಮಾತ್ರ ಒಂದರ ಹಿಂದೊಂದು ನಡೆಯುತ್ತಲೇ ಇವೆ. ಇದಕ್ಕೆ ನನ್ನ ಹಳೆಯ ಕಾರಿನ ಗೇರ್ ಬಾಕ್ಸಿಗೆ ನಾನು ಋಣಿ. ನಿವೃತ್ತಿಯಲ್ಲಿ ಹೊತ್ತೇ ಹೋಗುವುದಿಲ್ಲ ಎಂದು ಗೆಳೆಯರು ಗೊಣಗುತ್ತಾರೆ. ಪಾಪ, ಅವರ ಗಾಡಿಗಳೆಲ್ಲ ಹೊಸವು.

ಹುಮನಾಬಾದಿನ ದಾರಿ

ಬಸವಕಲ್ಯಾಣದಲ್ಲಿ ನಮ್ಮ ಮನೆ ಇರುವುದು ಓಣಿಯ ಕಟ್ಟಕಡೆಗೆ. ಅದರಾಚೆ ಗೋಡೆ. ಕಾರು ಒಳಗೆ ಬರುವುದು ಮುಂದಾಗಿ, ಹೊರಗೆ ಹೋಗುವುದು ಹಿಂದಾಗಿ. ತಿರುಗಿಸಲು ಜಾಗವಿಲ್ಲ. ಓಣಿಯ ಬಾಯಲ್ಲಿ ನಿಲ್ಲಿಸೋಣವೆಂದರೆ ಅಲ್ಲಿ ಕಾಯಿಪಲ್ಯದವರು ಕೂತಿರುತ್ತಾರೆ.

ಒಂದು ಬೆಳಗ್ಗೆ ಹುಮನಾಬಾದಿನಲ್ಲಿರುವ ಹೆಂಡತಿಯ ಅಕ್ಕನ ಮನೆಗೆ ಹೊರಟಿದ್ದೆವು. ಹೆಂಡತಿ ರೇಷ್ಮೆ ಸೀರೆಯುಟ್ಟು, ತೊಡೆಯ ಮೇಲೆ ಹೋಳಿಗೆ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ನಾನು ರಿವರ್ಸ್ ಹಾಕಿದೆ. ಗಾಡಿ ಕರಕರ ಎಂದು ಹಲ್ಲು ಕಡಿಯಿತು. ಮತ್ತೆ ಹಾಕಿದೆ. ಮತ್ತೆ ಕಡಿಯಿತು. ಆಮೇಲೆ ಓಣಿಯ ಇಳಿಜಾರಿಗೆ ತಾನೇ ನಿಧಾನವಾಗಿ ಮುಂದೆ ಹೋಗಿ ಗೋಡೆಯನ್ನು ಮುಟ್ಟಿ ನಿಂತಿತು.

ಹೆಂಡತಿ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ ಹೇಳಿದಳು: "ಹುಮನಾಬಾದ ಆ ಕಡೀ ಅದರಿ."

ದಬ್ಬುವ ಮಂಡಳಿ

ಸುದ್ದಿ ಅಕ್ಕನ ಗಂಡನಿಗೆ, ಅಂದರೆ ನನ್ನ ಷಡ್ಡಕರಿಗೆ, ಫೋನಿನಲ್ಲಿ ಮುಟ್ಟಿತು. ಆ ಗಾಡಿ ಮಾರಿಬಿಡಿ, ಗಿರಾಕಿಯನ್ನು ನಾನೇ ತರುತ್ತೇನೆ ಎಂದರು. ನಾನು ಒಪ್ಪಲಿಲ್ಲ. ನಿವೃತ್ತನಾದವನಿಗೆ ಮನೆಯಲ್ಲಿ ತನ್ನ ಮಾತು ಕೇಳುವ ವಸ್ತು ಎಂದರೆ ಸ್ಟೀರಿಂಗ್ ಒಂದೇ. ಹೆಂಡತಿ ನಡುವಿನ ದಾರಿ ಹುಡುಕಿದಳು. ಬಸುರಿಯಾಗಿದ್ದ ಅಕ್ಕನ ಮಗಳ ಕುಬಸ, ಅಂದರೆ ಸೀಮಂತ, ಬರುವುದಿತ್ತು. "ಅಷ್ಟರೊಳಗ ಗಾಡಿ ತಾನಾಗೇ ಓಣಿ ಬಿಟ್ಟು ಹೊರಗ ಬಂದ್ರ ಅದರಾಗೇ ಬುತ್ತಿ ಒಯ್ಯೋಣು. ಇಲ್ಲಂದ್ರ ಮಾಮಾ ತಂದ ಗಿರಾಕಿಗೆ ಕೊಟ್ಟುಬಿಡ್ರಿ."

ಅಲ್ಲಿಯವರೆಗೆ ಓಣಿಯವರೇ ರಿವರ್ಸ್ ಗೇರು. ಟೇಲರ್ ಕಾಕಾ ಎಡಗಡೆಯ ದೀಪಕ್ಕೆ ಕೈ ಹಚ್ಚುತ್ತಿದ್ದರು, ಕಿರಾಣಿ ಅಂಗಡಿಯ ಸಾಹುಕಾರರು ಬಲಗಡೆಯದಕ್ಕೆ. ನಿವೃತ್ತ ಹೆಡ್‌ಮಾಸ್ತರರು ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುತ್ತಿದ್ದರು. ಎಲ್ಲರಿಗಿಂತ ಹೆಚ್ಚು ದಣಿಯುತ್ತಿದ್ದವರು ಅವರೇ. ಗಾಡಿ ಹೊರಗೆ ಬಂದ ಮೇಲೆ ನಮ್ಮ ಮನೆಯ ಚಹಾ, ಜೊತೆಗೆ ಊರಿನ ಸುದ್ದಿ. ಎಷ್ಟೋ ದಿನ ನನಗೆ ಹೋಗುವ ಊರೇ ಇರುತ್ತಿರಲಿಲ್ಲ. ಆದರೂ ಮಂದಿ ಬಂದು ನಿಂತಿದ್ದಾರಲ್ಲ ಎಂದು ಗಾಡಿ ಹೊರಗೆ ತೆಗೆದು, ಒಂದು ಸುತ್ತು ಹಾಕಿ ಬರುತ್ತಿದ್ದೆ.

ಒಮ್ಮೆ ಸಾಹುಕಾರರು ಲಗ್ನಕ್ಕೆಂದು ಬೇರೆ ಊರಿಗೆ ಹೋದರು. ಬೆಳಗ್ಗೆ ಅಲ್ಲಿಂದಲೇ ಫೋನು: "ಸರ್, ಗಾಡಿ ಹೊರಗ ಬಂತೇನ್ರಿ?" ಆರಾಮಾಗಿ ಬಂತು ಎಂದೆ. ಸಾಹುಕಾರರು ಸಣ್ಣ ದನಿಯಲ್ಲಿ ಕೇಳಿದರು: "ನಾ ಇಲ್ದೇನ?"

ಚಿಟಗುಪ್ಪಕ್ಕೆ ಹೋದ ಚಕ್ರ

ಕುಬಸಕ್ಕೆ ಮುಂಚೆ ಸರಿಯಾಗಲಿ ಎಂದು ಗಾಡಿಯನ್ನು ಹುಮನಾಬಾದಿಗೆ ಒಯ್ದೆ. ಅಲ್ಲಿಯ ಮೆಕ್ಯಾನಿಕ್ ಗೇರ್ ಬಾಕ್ಸ್ ಕೆಳಗಿಳಿಸಿ, ಒಳಗಿನದನ್ನೆಲ್ಲ ಗೋಣಿಚೀಲದ ಮೇಲೆ ಹರವಿದ. ರಿವರ್ಸ್ ಚಕ್ರದ ಹಲ್ಲು ಸವೆದಿದ್ದವು. ಅದನ್ನೇ ನಮೂನೆಯಾಗಿ ತೋರಿಸಿ ಹೊಸದು ತರಿಸಬೇಕೆಂದ.

ನಮ್ಮ ಕಡೆ ಒಂದು ಗಾಡಿ ಬಿಚ್ಚಿದರೆ ಅದು ಮಾಲೀಕನೊಬ್ಬನದೇ ಸಂಕಟ ಅಲ್ಲ. ಗ್ಯಾರೇಜಿನ ಮುಂದೆ ಬಸ್ಸು ನಿಲ್ಲುತ್ತದೆ. ಕಾಯುವವರೆಲ್ಲ ಬಂದು ಒಂದೊಂದು ಚಕ್ರ ಎತ್ತಿ, ತಿರುಗಿಸಿ, ಬೆರಳಿನಿಂದ ಹಲ್ಲು ಮುಟ್ಟಿ, ಅಭಿಪ್ರಾಯ ಹೇಳಿ ಇಡುತ್ತಿದ್ದರು. ಧೋತರದ ಹಿರಿಯರೊಬ್ಬರು ರಿವರ್ಸ್ ಚಕ್ರ ಹಿಡಿದು ಗಂಭೀರವಾಗಿ ಯೋಚಿಸುತ್ತಿದ್ದಾಗ ಚಿಟಗುಪ್ಪದ ಬಸ್ಸು ಬಂತು. ಹತ್ತಿ ಹೋದರು, ಯೋಚಿಸುತ್ತಲೇ.

ಚಕ್ರ ಅವರ ಕೈಯಲ್ಲೇ ಹೋಯಿತೆಂದು ನಮಗೆ ತಿಳಿಯುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಮೆಕ್ಯಾನಿಕ್ ನನ್ನನ್ನು ನೋಡಿದ, ನಾನು ಮೆಕ್ಯಾನಿಕನನ್ನು ನೋಡಿದೆ. ಕುಬಸ ಹತ್ತಿರ ಬಂದಿತ್ತು, ನಮೂನೆ ಚಿಟಗುಪ್ಪದಲ್ಲಿತ್ತು. ಮಾಡುವುದೇನು, ಅಲ್ಲೇ ಕೂತೆವು.

ಸಂಜೆ ಅದೇ ಬಸ್ಸು ತಿರುಗಿ ಬಂತು. ಕಂಡಕ್ಟರ್ ಇಳಿದು, ಕಾಗದದಲ್ಲಿ ಸುತ್ತಿದ ಚಕ್ರವನ್ನು ಪ್ರಸಾದ ಕೊಟ್ಟಂತೆ ಎರಡೂ ಕೈಯಿಂದ ಕೊಟ್ಟ. "ಹಿರ್ಯಾರು ಕಳಿಸ್ಯಾರ್ರಿ. ಅಲ್ಲಿ ಬಜಾರದಾಗ ಎಲ್ಲಾರಿಗೂ ತೋರ್ಸ್ಯಾರಂತ. ಇದು ಟ್ರ್ಯಾಕ್ಟರಿಂದಲ್ಲ ಅಂತ ಖಾತ್ರಿ ಆಗ್ಯಾದ."

ಪರೀಕ್ಷೆ

ಹೊಸ ಚಕ್ರ ಕೂತಿತು, ಹೊಸ ಗೇರ್ ಆಯಿಲ್ ಬಿತ್ತು. ಗಾಡಿ ತಂದು ಓಣಿಯಲ್ಲಿ ನಿಲ್ಲಿಸಿದೆ. ಮರುದಿನ ಎಲ್ಲರೂ ಬೆರಗಾಗಲಿ ಎಂದು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಷಡ್ಡಕರು ಕುಬಸಕ್ಕೆ ಕರೆಯಲು ಬಂದರು. ಜೊತೆಗೆ ಗಿರಾಕಿಯೂ ಇದ್ದರು, ಕೊಹಿನೂರು ಹಳ್ಳಿಯ ಒಬ್ಬ ರೈತರು. ಗಟ್ಟಿ ಆಳು, ಮಾತು ಕಡಿಮೆ. ಹೆಂಡತಿ ಬಾಗಿಲಲ್ಲಿ ನಿಂತಳು. ನಾನು ಗಾಡಿ ಚಾಲೂ ಮಾಡಿ ರಿವರ್ಸ್ ಹಾಕಿದೆ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಏರಿನಲ್ಲಿ ಗಾಡಿ ತಾನಾಗಿ ಹಿಂದೆ ಹೊರಟಿತು.

ತಲೆ ಎತ್ತಿ ನೋಡಿದರೆ ಮುಂದೆ ಮಂಡಳಿ. ಟೇಲರ್ ಕಾಕಾ ಎಡಕ್ಕೆ, ಸಾಹುಕಾರರು ಬಲಕ್ಕೆ, ನಡುವೆ ಬಗ್ಗಿದ ಯಾರದೋ ತಲೆ, ಎಲ್ಲರೂ ಹಲ್ಲು ಕಚ್ಚಿ ದಬ್ಬುತ್ತಿದ್ದಾರೆ. ಹಿಂದಿನಿಂದ "ಬರ್ಲಿ, ಬರ್ಲಿ." ನಾನು ಒಳಗಿನಿಂದ ಕೈ ಬೀಸಿ ಬೇಡವೆಂದೆ. ಅವರು ಇನ್ನೂ ಜೋರು ಮಾಡಿದರು.

ಹೊರಗೆ ಬಂದ ಕೂಡಲೇ ಷಡ್ಡಕರು, ಇದಿನ್ನೂ ದಬ್ಬಿಸಿಕೊಳ್ಳುವ ಗಾಡಿಯೇ ಎಂದರು. ರಿಪೇರಿಯಾಗಿದೆ, ತಾನಾಗೇ ಬಂದಿದೆ ಎಂದು ನಾನು ವಾದಿಸಿದೆ. ಸಾಕ್ಷಿ ಕೇಳೋಣವೆಂದರು. ಟೇಲರ್ ಕಾಕಾ ಹಣೆಯ ಬೆವರು ಒರೆಸುತ್ತ ಸಾಕ್ಷಿ ಹೇಳಿದರು: "ತಾನಾಗೇ ಹ್ಯಾಂಗ ಬರ್ತದರಿ? ನಮ್ಮ ರಟ್ಟಿ ಕೇಳ್ರಿ."

ಹೆಂಡತಿಯ ಮುಖ ನೋಡಿದೆ. ಗಾಡಿ ಕೈಬಿಟ್ಟು ಹೋಯಿತೆಂದು ತಿಳಿಯಿತು. ಇನ್ನೊಂದೇ ಒಂದು ಸಲ ನೋಡಿ ಎಂದು ಬೇಡಿಕೊಂಡು ಗಾಡಿ ಮತ್ತೆ ಒಳಗೆ ತಂದೆ. ಯಾರೂ ಮುಟ್ಟಬಾರದು ಎಂದು ಹೆಂಡತಿ ತಾಕೀತು ಮಾಡಿದಳು. ಮಂಡಳಿ ಗೋಡೆಗೆ ಒರಗಿ ಕೈಕಟ್ಟಿ ನಿಂತಿತು. ಗಾಡಿ ತಾನಾಗಿ, ಒಂದೇ ಉಸಿರಿಗೆ, ಓಣಿಯ ಬಾಯಿಗೆ ಬಂತು. ಹೆಡ್‌ಮಾಸ್ತರರು ಟೋಪಿ ತೆಗೆದರು, ದುಃಖಕ್ಕೆ.

"ಮಾಮಾ, ಗಾಡಿ ಮಾರೂದಿಲ್ರಿ," ಎಂದು ಹೆಂಡತಿ ತೀರ್ಪು ಕೊಟ್ಟು ಎಲ್ಲರಿಗೂ ಚಹಾ ತಂದಳು.

ಇಷ್ಟು ಹೊತ್ತೂ ಮರೆತೇಹೋಗಿದ್ದ ಗಿರಾಕಿ ನಮಗೆ ಆಗ ನೆನಪಾದರು. ಟೇಲರ್ ಕಾಕಾ ಮತ್ತು ಸಾಹುಕಾರರ ನಡುವೆ ಕಟ್ಟೆಯ ಮೇಲೆ ಕೂತು ಸಾಸರಿನಲ್ಲಿ ಚಹಾ ಹೀರುತ್ತಿದ್ದರು. ಮೊದಲ ಸಲ ಬಾನೆಟ್ಟಿನ ಮುಂದೆ ನಡುಮಧ್ಯೆ ತಲೆ ಬಗ್ಗಿಸಿ ದಬ್ಬಿದವರು ಇವರೇ ಎಂದು ಆಮೇಲೆ ತಿಳಿಯಿತು. ನಿಮಗೆ ಸುಮ್ಮನೆ ತೊಂದರೆಯಾಯಿತು, ಬೇರೆ ಗಾಡಿ ನೋಡೋಣ ಎಂದು ಷಡ್ಡಕರು ಸಮಾಧಾನ ಹೇಳಿದರು.

ಅವರು ಸಾಸರು ಕೆಳಗಿಟ್ಟು, ಮೀಸೆ ಒರೆಸಿಕೊಂಡರು.

"ಗಾಡಿ ಇರ್ಲಿ ಬಿಡ್ರಿ. ಈ ಓಣ್ಯಾಗ ಖಾಲಿ ಮನಿ ಇದ್ರ ನೋಡ್ರಿ."