ಮೇಷ್ಟ್ರು ಕೊಟ್ಟ ಎರಡು ವರ್ಷ

ಗಂಡಸಿನ ಸಂಬಳ, ಹೆಂಗಸಿನ ವಯಸ್ಸು ಕೇಳಬಾರದು ಅನ್ನುತ್ತಾರೆ. ನನ್ನನ್ನು ಯಾರಾದರೂ ಕೇಳಿದರೆ ಧಾರಾಳವಾಗಿ ಹೇಳುತ್ತೇನೆ. ಆದರೆ ಯಾವ ವಯಸ್ಸು ಬೇಕೆಂದು ಮೊದಲು ನೀವು ಹೇಳಬೇಕು, ಏಕೆಂದರೆ ನನಗೆ ಎರಡಿವೆ. ಒಂದು ಅಮ್ಮ ಹೆತ್ತಾಗ ಬಂದದ್ದು, ಇನ್ನೊಂದು ಮಂಡ್ಯದ ಪ್ರೈಮರಿ ಸ್ಕೂಲಿನ ಹೆಡ್ ಮೇಷ್ಟ್ರು ದಯಪಾಲಿಸಿದ್ದು. ಅಕ್ಕನನ್ನು ಸ್ಕೂಲಿಗೆ ಸೇರಿಸಲು ಹೊರಟ ದಿನ ನಾನೂ ಹೋಗಲೇಬೇಕೆಂದು ಬಾಗಿಲಲ್ಲಿ ಬಿದ್ದು ಹೊರಳಾಡಿದೆನಂತೆ. ಅಪ್ಪನಿಗೆ ಮಕ್ಕಳ ಅಳು ಕೇಳಿದರೆ ಆಗದು, ನನ್ನನ್ನೂ ಎತ್ತಿಕೊಂಡು ಹೋದರು. ಸ್ಕೂಲಿಗೆ ಸೇರುವ ವಯಸ್ಸಾಗಿದೆಯೇ ಎಂದು ನೋಡುವುದಕ್ಕೆ ಆಗಿನ ಕ್ರಮ ಒಂದೇ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ನನ್ನ ಕೈ ಎಟುಕಲಿಲ್ಲ. ಮೇಷ್ಟ್ರು ಕರುಣಾಳು, ಕಿವಿಯನ್ನೇ ಸ್ವಲ್ಪ ಮೇಲಕ್ಕೆಳೆದು ಕೈಗೆ ತಾಗಿಸಿದರು, ಎರಡು ವರ್ಷ ಕೂಡಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡರು. ಅವಸರದಲ್ಲಿ ಅಕ್ಕನ ತಾರೀಖನ್ನು ತಿರುಗಿ ನೋಡಲಿಲ್ಲ. ಹಾಗಾಗಿ ಸರ್ಕಾರಿ ದಾಖಲೆಯ ಪ್ರಕಾರ ನಾನು ಅಕ್ಕನಿಗಿಂತ ಐದೇ ತಿಂಗಳು ಚಿಕ್ಕವಳು. ಈ ಮಾತು ಎತ್ತಿದರೆ ಅಮ್ಮ ಇವತ್ತಿಗೂ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿಬಿಡುತ್ತಾಳೆ.

ಇದರ ನಿಜವಾದ ಕಷ್ಟ ತಿಳಿದದ್ದು ಮದುವೆಯ ಮಾತು ಬಂದಾಗ. ನಮ್ಮವರ ತಂದೆ ಸರ್ಕಾರಿ ಗುಮಾಸ್ತರು. ಮಗನೂ ಸರ್ಕಾರಿ ಕೆಲಸಕ್ಕೇ ಸೇರುವವನು, ಎರಡು ವರ್ಷ ಹೆಚ್ಚು ಸರ್ವೀಸು ಸಿಗಲಿ ಎಂಬ ದೂರಾಲೋಚನೆಯಿಂದ ಸ್ಕೂಲಿನಲ್ಲಿ ಎರಡು ವರ್ಷ ಕಡಿಮೆ ಬರೆಸಿದ್ದರು. ಆ ಮಗ ಹೋಗಿ ಸೇರಿದ್ದು ಕಡಲಾಚೆಯ ಸನ್ನಿವೇಲಿನ ಚಿಪ್ ಫ್ಯಾಕ್ಟರಿಗೆ. ಹೀಗೆ ಜಾತಕದಲ್ಲಿ ನಾನು ಗಂಡನಿಗಿಂತ ಎರಡು ವರ್ಷ ಚಿಕ್ಕವಳು, ಮಾರ್ಕ್ಸ್ ಕಾರ್ಡಿನಲ್ಲಿ ಎರಡು ವರ್ಷ ದೊಡ್ಡವಳು. ಹೆಣ್ಣು ನೋಡಲು ಬಂದವರು ಮಾರ್ಕ್ಸ್ ಕಾರ್ಡು ಕೇಳಿದಾಗ ಅಮ್ಮ ಅದನ್ನು ಇಲಿ ತಿಂದಿತೆಂದಳು. ಮದುವೆಯಾದ ಮೇಲೆ ಪಾಸ್‌ಪೋರ್ಟಿಗಾಗಿ ಆ ಕಾರ್ಡು ಇಲಿಯ ಹೊಟ್ಟೆಯಿಂದ ಕ್ಷೇಮವಾಗಿ ಹೊರಗೆ ಬಂತು. ನಮ್ಮವರು ನೋಡಿ ಬಿದ್ದು ಬಿದ್ದು ನಕ್ಕರು, ತಮ್ಮ ಅಮ್ಮನಿಗೆ ಮಾತ್ರ ಹೇಳಬೇಡ ಅಂದರು.

ಸನ್ನಿವೇಲಿಗೆ ಬಂದು ಒಂದು ವರ್ಷ ನಾನು ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಲಾಟು ನೋಡುತ್ತ ಕಳೆದೆ. ಅಲ್ಲಿ ನಮ್ಮದೊಂದು ಕಂದು ಬಣ್ಣದ, ಹಡಗಿನಷ್ಟು ಉದ್ದದ ಹಳೇ ಸ್ಟೇಷನ್ ವ್ಯಾಗನ್ ಕಾರು ನಿಂತಿರುತ್ತಿತ್ತು. ನಮ್ಮವರು ಪ್ರತಿ ಭಾನುವಾರ ಅದಕ್ಕೆ ಸ್ನಾನ ಮಾಡಿಸುತ್ತಿದ್ದರು. ಅಷ್ಟರಲ್ಲಿ ಹೇವರ್ಡಿನ ಯೂನಿವರ್ಸಿಟಿಯಲ್ಲಿ ನನಗೆ ಸೀಟು ಸಿಕ್ಕಿತು. ಆ ಕಾಗದ ಬಂದ ದಿನ ಕುಣಿದಾಡಿದೆ! ಬಸ್ಸಿನಲ್ಲಿ ಹೋಗುವುದಾದರೆ ಮೂರು ಕಡೆ ಬದಲಾಯಿಸಬೇಕು, ಹೋಗಿ ಸೇರುವುದರೊಳಗೆ ಕ್ಲಾಸೇ ಮುಗಿದಿರುತ್ತದೆ. ಕಾರು ಸಿಕ್ಕರೆ ಓದು, ಇಲ್ಲದಿದ್ದರೆ ಕಿಟಕಿ. ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತೆ. ಲೈಸೆನ್ಸು ಬಂತು, ಕಾರಿನ ಕೀ ಮಾತ್ರ ಬರಲಿಲ್ಲ. ನಮ್ಮವರದು ದಿನಕ್ಕೊಂದು ನೆಪ. ಫ್ರೀವೇ ಹೆದ್ದಾರಿ ಅಂದರೆ ಹುಡುಗಾಟವಲ್ಲ ಎಂದರು, ಬ್ರೇಕು ಸ್ವಲ್ಪ ಬಿಗಿಯಿದೆ ಎಂದರು. ಕೊನೆಗೆ ಬ್ರಹ್ಮಾಸ್ತ್ರ ತೆಗೆದರು. "ನಿನ್ನ ಹೆಸರು ಸೇರಿಸಿದ್ರೆ ಇನ್ಶೂರೆನ್ಸು ಎಲ್ಲಿಗೆ ಏರತ್ತೆ ಗೊತ್ತಾ? ಬೇಕಾದ್ರೆ ಬಾ, ಏಜೆಂಟನ್ನೇ ಕೇಳೋಣ."

ಬಾ ಎಂದವರ ಬಾಯಿಗೆ ಸಕ್ಕರೆ ಹಾಕಬೇಕು. ಪಕ್ಕದೂರು ಸ್ಯಾನ್ ಹೊಸೆಯ ಆ ಏಜೆಂಟರ ಹೆಸರು ಡೋರಿಸ್. ಬೆಳ್ಳಿ ಕೂದಲಿನ ನಗುಮುಖದ ಹೆಂಗಸು, ಕೊರಳಲ್ಲಿ ಸರಕ್ಕೆ ಕಟ್ಟಿದ ಕನ್ನಡಕ. ಆಕೆ ಒಂದು ದಪ್ಪ ಪುಸ್ತಕ ತೆರೆದಳು. ಪುಟದ ತುಂಬ ಗೆರೆ ಎಳೆದ ಮನೆಗಳು, ಮನೆಮನೆಗೂ ಅಂಕಿಗಳು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಮದುವೆಯಾಗಿದೆಯೇ ಎಂದು ಕೇಳುತ್ತ ಬೆರಳು ಓಡಿಸತೊಡಗಿದಾಗ ನನಗೆ ಊರಿನ ಜೋಯಿಸರ ಎದುರು ಕುಳಿತಂತೆಯೇ ಆಯಿತು. ಮದುವೆಯಾಗಿದ್ದರೆ ದೋಷ ಸ್ವಲ್ಪ ಪರಿಹಾರವೆಂಬುದೂ ಅಲ್ಲಿತ್ತು! ಡೋರಿಸ್ ವಿಷಯ ಬಿಡಿಸಿ ಹೇಳಿದಳು. ಇಪ್ಪತ್ತೈದು ತುಂಬದ ಗಂಡಸು ಸ್ಟಿಯರಿಂಗ್ ಹಿಡಿದರೆ ಕಂಪನಿಗೆ ಬಹಳ ಭಯ, ಅವರು ಜೋರಾಗಿ ಓಡಿಸಿ ಗುದ್ದುತ್ತಾರೆ, ಅದಕ್ಕೇ ಅವರಿಗೆ ರೇಟು ಜಾಸ್ತಿ. ನಮ್ಮವರಿಗೆ ಇಪ್ಪತ್ತನಾಲ್ಕು, ಅಪಾಯಕಾರಿ ವಯಸ್ಸು. ಆಮೇಲೆ ನನ್ನ ಲೈಸೆನ್ಸು ನೋಡಿ ಆಕೆಯ ಮುಖ ಅರಳಿತು. ಇಪ್ಪತ್ತಾರು ವರ್ಷ, ಹೆಂಗಸು, ಮದುವೆಯಾದವಳು. ಇಷ್ಟು ಒಳ್ಳೆಯ ಮನೆ ನನಗೆ ಯಾವ ಜಾತಕದಲ್ಲೂ ಬಿದ್ದಿರಲಿಲ್ಲ.

ನಮ್ಮವರಿಗೆ ಅವಮಾನವಾಯಿತು. ಫ್ರೀವೇಯಲ್ಲಿ ಮುದುಕಿಯರೂ ಹಿಂದೆ ಹಾಕಿ ಹೋಗುವಷ್ಟು ನಿಧಾನ ಓಡಿಸುವ ಮನುಷ್ಯ. ತನಗೂ ನಿಜವಾಗಿ ಇಪ್ಪತ್ತಾರೇ ಎಂದು ಅಪ್ಪನ ಕಥೆ, ಪೆನ್ಷನ್ನಿನ ಕಥೆ ಎಲ್ಲ ಹೇಳಿದರು. ಸಾಕ್ಷಿಯೇನಿದೆ ಎಂದಳು ಡೋರಿಸ್. ಊರಿನಿಂದ ಜಾತಕ ತರಿಸುತ್ತೇನೆ ಅಂದರು ಇವರು. ಅದಕ್ಕೆ ಡಾಕ್ಟರ ಸಹಿ ಇದೆಯೇ ಎಂದು ಆಕೆ ವಿಶ್ವಾಸದಿಂದಲೇ ವಿಚಾರಿಸಿದಳು. ಇಲ್ಲ, ಜೋಯಿಸರ ಸಹಿ ಇದೆ ಎಂದರು. ಡೋರಿಸ್ ಪೆನ್ನಿನ ಕ್ಯಾಪು ಮುಚ್ಚಿ ನನ್ನ ಕಡೆ ತಿರುಗಿದಳು. ಈ ಕಾರನ್ನು ಇನ್ನು ಮುಂದೆ ಹೆಚ್ಚಾಗಿ ಓಡಿಸುವವರು ಯಾರು? ನೀವಾದರೆ ರೇಟು ಚೆನ್ನಾಗಿ ಇಳಿಯುತ್ತದೆ, ಆದರೆ ಬರೆದ ಮೇಲೆ ನಿಜವಾಗಿಯೂ ನೀವೇ ಓಡಿಸಬೇಕು, ಸುಳ್ಳು ನಡೆಯದು ಎಂದಳು.

ಸುಳ್ಳೇ? ನಾನೇ? ದಿನಾ ಇವರನ್ನು ಆಫೀಸಿಗೆ ಬಿಟ್ಟು ಹೇವರ್ಡಿಗೆ ಹೋಗುವವಳು ನಾನೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ನಮ್ಮವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಇಳಿದ ರೇಟನ್ನು ನೋಡಿದರು. ಗುಮಾಸ್ತರ ಮಗ, ರೇಟೇ ಗೆದ್ದಿತು. ನಾನು ಆರು ತಿಂಗಳು ವಾದ ಮಾಡಿ ಪಡೆಯಲಾಗದ ಕೀ ಅರ್ಧ ಗಂಟೆಯಲ್ಲಿ ನನ್ನ ಕೈಯಲ್ಲಿತ್ತು. ಹೆಣ್ಣಾಗಿ ಹುಟ್ಟಿದ್ದಕ್ಕೆ, ಅದರ ಮೇಲೆ ವಯಸ್ಸಾದದ್ದಕ್ಕೆ ಯಾರಾದರೂ ಬೆಲೆ ಇಳಿಸಿ ಕೊಟ್ಟದ್ದನ್ನು ನೀವು ಕೇಳಿದ್ದೀರಾ? ಮಂಡ್ಯದ ಮೇಷ್ಟ್ರಿಗೆ ಅಲ್ಲಿಂದಲೇ ಕೈ ಮುಗಿದೆ.

ಮೊದಲ ದಿನ ಫ್ರೀವೇ ಹತ್ತಿದಾಗ ಆದ ಸಂತೋಷ ಹೇಳತೀರದು. ಪಕ್ಕದಲ್ಲಿ ಕುಳಿತ ನಮ್ಮವರು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟನ್ನೇ ಸುರುಳಿ ಮಾಡಿದರು. ಅವರನ್ನು ಆಫೀಸಿನ ಬಾಗಿಲಲ್ಲಿ ಇಳಿಸಿದ ಮೇಲೆ ಹೇವರ್ಡಿನವರೆಗೂ ನಾನು ಗಟ್ಟಿಯಾಗಿ ಹಾಡಿಕೊಂಡು ಹೋದೆ. ಇಳಿಯಬೇಕಾದ ಎಕ್ಸಿಟ್ ತಪ್ಪಿ ಎರಡು ಊರು ಮುಂದೆ ಹೋದೆ, ತಿರುಗಿ ಬಂದೆ, ಆಗಲೂ ಹಾಡುತ್ತಲೇ ಇದ್ದೆ.

ಮರುವರ್ಷ ನಮ್ಮತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದರು. ಗ್ರೋಸರಿ ಅಂಗಡಿಗೆ, ಕನ್ನಡದವರ ಮನೆಗಳಿಗೆ ಎಲ್ಲ ಕಡೆಗೂ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಆ ನಡುವೆ ಡೋರಿಸ್ ಒಂದು ಬರ್ತ್‌ಡೇ ಕಾರ್ಡು ಕಳಿಸಿದಳು. ಮೇಷ್ಟ್ರು ಬರೆದ ತಾರೀಖಿಗೇ ಸರಿಯಾಗಿ ಬಂತು. ಮೇಲೆ ಕೇಕಿನ ಚಿತ್ರ, ಒಳಗೆ ಆಕೆಯ ಕೈಬರಹದಲ್ಲೇ ದೊಡ್ಡದಾಗಿ ಇಪ್ಪತ್ತೇಳು ಎಂಬ ಅಂಕಿ. ಏನದು ಎಂದು ಅತ್ತೆ ಕೇಳಿದರು. ಇನ್ಶೂರೆನ್ಸಿನ ಡೋರಿಸ್ ಕಳಿಸಿದ್ದು ಎಂದೆ. ಅವರ ಕಿವಿಗೆ ಅದು ದೊರೆಸಾನಿ ಎಂದು ಬಿತ್ತು. ದೊರೆಸಾನಿ ಕಳಿಸಿದ ಕಾಗದ ಎಸೆಯಬಾರದೆಂದು ದೇವರ ಪಟದ ಹಿಂದೆ ಸಿಕ್ಕಿಸಿದರು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ನಮ್ಮವರು ಕುಣಿಯುತ್ತ ಮನೆಗೆ ಬಂದರು. ಕಾಗದದ ಮೇಲೆ ಅವರಿಗೆ ಇಪ್ಪತ್ತೈದು ತುಂಬಿತ್ತು. ಡೋರಿಸ್ ಹೊಸ ರೇಟು ಕೊಟ್ಟಿದ್ದಳು, ಇಬ್ಬರಿಗೂ ಈಗ ಹೆಚ್ಚು ಕಡಿಮೆ ಒಂದೇ. "ಇನ್ಮೇಲೆ ನಾನೇ ಓಡಿಸ್ತೀನಿ. ಎಲ್ಲಿ, ಕೀ ಕೊಡು" ಎಂದು ಕೈ ಚಾಚಿದರು. ನನ್ನ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು. ಕಣ್ಣಲ್ಲಿ ನೀರೇ ಬಂತು. ಹುರುಳಿಕಾಯಿ ಬಿಡಿಸುತ್ತ ಕುಳಿತಿದ್ದ ಅತ್ತೆ ತಲೆಯೆತ್ತದೆಯೇ ಕೇಳಿದರು.

"ನಿಂಗೆಷ್ಟು ತುಂಬ್ತು ಅಂದ್ಯೋ?"

"ಇಪ್ಪತ್ತೈದಮ್ಮ."

"ಅವಳಿಗೆ ಇಪ್ಪತ್ತೇಳು. ದೊರೆಸಾನಿನೇ ಬರೆದು ಕಳಿಸಿದಾಳೆ. ದೊಡ್ಡೋರ ಕೈಲಿರೋದನ್ನ ಚಿಕ್ಕೋರು ಕಿತ್ಕೋಬಾರ್ದು ಕಣೋ. ಕೀ ಅವಳ ಹತ್ರಾನೇ ಇರ್ಲಿ."

ಮಗನ ನಿಜವಾದ ವಯಸ್ಸು ಹೆತ್ತವರಿಗೆ ಗೊತ್ತಿಲ್ಲವೇ? ನನ್ನ ಜಾತಕವನ್ನೂ ಅವರು ಕೈಯಾರೆ ನೋಡಿದ್ದರು. ಎರಡರಲ್ಲಿ ಯಾವುದನ್ನು ನಂಬಿದ್ದರೋ, ಬೇಕೆಂದೇ ಮಗನ ಕಾಲೆಳೆದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅತ್ತೆ, ನಾನು ನಿಜವಾಗಿ ಇವರಿಗಿಂತ ಚಿಕ್ಕವಳು ಎಂಬ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಹೇಳಿದರೆ ಮಾನ ಉಳಿಯುತ್ತಿತ್ತು, ಕೀ ಹೋಗುತ್ತಿತ್ತು. ಸುಮ್ಮನೆ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅನ್ನಕ್ಕಿಡಲು ಒಳಗೆ ಹೋದೆ.

ಆ ಯುಗಾದಿಗೆ ಸ್ಕೂಲಿನ ಹಾಲೊಂದರಲ್ಲಿ ಕನ್ನಡದವರೆಲ್ಲ ಊಟಕ್ಕೆ ಸೇರಿದಾಗ ಅತ್ತೆ ಪಂಕ್ತಿಯ ಉದ್ದಕ್ಕೂ ನನ್ನನ್ನು ಹೊಗಳಿದರು. ನಮ್ಮ ಸೊಸೆ ಸ್ವಲ್ಪ ವಯಸ್ಸಾದವಳು, ಅದಕ್ಕೇ ಇಷ್ಟು ಜೋಪಾನವಾಗಿ ಕಾರು ಓಡಿಸುತ್ತಾಳೆ ಎಂದರು. ಹೆಂಗಸರೆಲ್ಲ ತಿರುಗಿ ನನ್ನ ಮುಖ ನೋಡಿದರು. ನಾನು ಹಲ್ಲುಬಿಟ್ಟು ನಕ್ಕು ಹೌದೆಂದು ತಲೆಯಾಡಿಸಿದೆ. ಮಂಡ್ಯದಲ್ಲಿ ಪಾಪ ಮೇಷ್ಟ್ರು ಎಳೆದಿದ್ದರು, ಈ ಸಲ ನನ್ನ ಕಿವಿಯನ್ನು ನಾನೇ ಎಳೆದುಕೊಂಡೆ.